ಬುದ್ಧಿ ಹಲ್ಲಿನ ಸುತ್ತ ಪದೇ ಪದೇ ಬರುವ ಬಾವು: ನಿಮ್ಮ ಕಡೆ ಏನನ್ನುತ್ತಾರೆ?

ಗೆಳೆಯರೇ, ನಮಸ್ಕಾರ.

ಹಲ್ಲಿನ ಡಾಕ್ಟರಾಗಿರುವ ಗೆಳತಿಯೊಬ್ಬಳಿಗೆ ಕನ್ನಡದಲ್ಲಿ ಒಂದು ಕರಪತ್ರ ಬರೆದುಕೊಡುತ್ತಿದ್ದೇನೆ. ಬುದ್ಧಿ ಹಲ್ಲು ಅರ್ಧ ಹೊರಬಂದು ನಿಂತಾಗ ಅದರ ಸುತ್ತ ಒಸಡು ಊದಿಕೊಂಡು ನೋಯುತ್ತದಲ್ಲ, ಅದರ ಬಗ್ಗೆ. ಡಾಕ್ಟರುಗಳು ಇದನ್ನು ಪೆರಿಕೊರೊನೈಟಿಸ್ ಅನ್ನುತ್ತಾರೆ. ಈ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಮೂಡುವುದರಿಂದ ಓದುವವರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು, ಜೊತೆಗೆ ಅವರ ಅಪ್ಪ ಅಮ್ಮಂದಿರು. ಅವರಿಗೆ ತಟ್ಟನೆ ತಿಳಿಯುವ ಮಾತು ಬೇಕು. ಕೆಲವು ಕಡೆ ಮಾತು ಸಿಗುತ್ತಿಲ್ಲ, ಕೆಲವು ಕಡೆ ಸಿಕ್ಕಿದ ಮಾತು ದಾರಿ ತಪ್ಪಿಸುತ್ತಿದೆ.

ಮೊದಲನೆಯದು 'ಹಲ್ಲು ನೋವು'. ಬಾಯಲ್ಲಿ ಎಲ್ಲಿ ನೋವಾದರೂ ನಾವು ಹೇಳುವುದು ಇದನ್ನೇ. ಕೇಳಿದವರು ಕೂಡಲೇ ಹುಳುಕು ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ಎಷ್ಟೋ ಸಲ ಹಲ್ಲು ಗಟ್ಟಿಯಾಗಿಯೇ ಇರುತ್ತದೆ, ತೊಂದರೆ ಇರುವುದು ಒಸಡಿನಲ್ಲಿ. ಹಾಗಾಗಿ ಕರಪತ್ರದ ತಲೆಬರಹದಲ್ಲೇ 'ಒಸಡು' ಬರಬೇಕು ಅನ್ನುವುದು ನನ್ನ ಆಸೆ. ಒಸಡೋ ವಸಡೋ, ಎರಡೂ ನಡೆಯುತ್ತದೆ. ಆ ಚರ್ಚೆ ಈಗ ಬೇಡ.

ಹಲ್ಲಿನ ಹೆಸರಿನ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಲ್ಯಾಟಿನ್‌ನಲ್ಲಿ, ತೆಲುಗಿನ ಜ್ಞಾನದಂತದಲ್ಲಿ, ತಮಿಳಿನ ಞಾನಪ್ಪಲ್‌ನಲ್ಲಿ, ಮರಾಠಿಯ ಅಕ್ಕಲದಾಢದಲ್ಲಿ, ಎಲ್ಲ ಕಡೆಯೂ ಇರುವುದು ಬುದ್ಧಿಯೇ. ನಮ್ಮ 'ಬುದ್ಧಿ ಹಲ್ಲು' ಚೆನ್ನಾಗಿದೆ, ಜ್ಞಾನದಂತ ವಿವೇಕದಂತಗಳಿಗಿಂತ ಹತ್ತಿರದ್ದು.

ಕಷ್ಟ ಶುರುವಾಗುವುದು ಇಲ್ಲಿಂದ. ದವಡೆಯಲ್ಲಿ ಜಾಗ ಸಾಲದಾಗ ಹಲ್ಲು ಪೂರ್ತಿ ಮೇಲೆ ಬರುವುದಿಲ್ಲ. ಅದರ ತಲೆಯ ಮೇಲೆ ಒಸಡಿನ ಒಂದು ಪದರ ಉಳಿದುಬಿಡುತ್ತದೆ. ಅದರಡಿ ಅನ್ನದ ಅಗುಳು, ರೊಟ್ಟಿ ಚೂರು ಸೇರುತ್ತದೆ. ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಬೆಳೆದು ಒಸಡು ಬಾತುಕೊಳ್ಳುತ್ತದೆ. ಆಮೇಲೆ ಮೇಲಿನ ಹಲ್ಲು ಆ ಬಾತ ಒಸಡನ್ನೇ ಕಚ್ಚತೊಡಗುತ್ತದೆ, ನೋವು ಇನ್ನೂ ಜಾಸ್ತಿ. ಕೆಳದವಡೆಯಲ್ಲೇ ಇದು ಹೆಚ್ಚು. ಈ ಪದರಕ್ಕೆ ವೈದ್ಯರ ಮಾತಿನಲ್ಲಿ ಒಪರ್ಕ್ಯುಲಮ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ಮುಚ್ಚಳ ಎಂದು ಅರ್ಥ.

ಹಾಗಂತ 'ಒಸಡಿನ ಮುಚ್ಚಳ' ಅಂದರೆ ನನಗೆ ಸಮಾಧಾನವಿಲ್ಲ. ಮುಚ್ಚಳ ಅಂದಮೇಲೆ ಒಳಗೆ ಏನೂ ಹೋಗಬಾರದು. ಇಲ್ಲಿ ಒಳಗೆ ಹೋಗುವುದೇ ತೊಂದರೆ. 'ಒಸಡಿನ ಸೆರಗು' ಅಂದರೆ ಹೇಗೆ? ಅರ್ಧ ಹೊದೆಸಿ, ಒಂದು ಅಂಚು ಬಿಟ್ಟುಕೊಂಡಿರುವುದು ಸೆರಗು. ಅದರಡಿ ಏನಾದರೂ ಸಿಕ್ಕಿಕೊಳ್ಳಬಹುದು ಅನ್ನುವುದು ಹೇಳದೆಯೇ ತಿಳಿಯುತ್ತದೆ. ಗೆಳತಿಗೆ ಇದು ಹಿಡಿಸಿದೆ. ಆದರೆ ಹುಡುಗರು ಓದಿದರೆ ಸರಿ ಹೋದೀತೇ ಅನ್ನುವುದು ಅವಳ ಪ್ರಶ್ನೆ. 'ಒಸಡಿನ ಮಡಿಕೆ' ಅನ್ನುವ ಸಲಹೆಯೂ ಬಂದಿದೆ. ಅದರಲ್ಲಿ ಹಲ್ಲನ್ನು ಹೊದೆಸುವ ಅರ್ಥ ಬರುವುದಿಲ್ಲ ಅಂತ ನನಗನಿಸುತ್ತದೆ.

ಹೀಗೆ ಹೊರಬರಲಾಗದೆ ಸಿಕ್ಕಿಕೊಂಡ ಹಲ್ಲನ್ನು ಡಾಕ್ಟರುಗಳು ಇಂಪ್ಯಾಕ್ಟೆಡ್ ಅನ್ನುತ್ತಾರೆ. ಅದಕ್ಕೆ 'ಹೂತ ಹಲ್ಲು' ಎಂದು ಬರೆದಿದ್ದನ್ನು ನೋಡಿದ್ದೇನೆ. ಪೂರ್ತಿ ಒಳಗೇ ಉಳಿದ ಹಲ್ಲಿಗೆ ಅದು ಸರಿ. ಆದರೆ ಈ ಬಾವು ಬರುವುದು ಸಾಮಾನ್ಯವಾಗಿ ಒಂದಿಷ್ಟು ಹೊರಗೆ ಕಂಡ ಹಲ್ಲಿಗೆ. ಅದಕ್ಕೇ 'ಅರೆ ಮೂಡಿದ ಹಲ್ಲು' ಎಂದು ಬರೆದಿದ್ದೇನೆ.

ಇನ್ನು ನನ್ನನ್ನು ನಿಜವಾಗಿ ಕಾಡುತ್ತಿರುವ ಮಾತು 'ವಾಸಿಯಾಯ್ತು'. ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ನೋವಿನ ಮಾತ್ರೆ ನುಂಗಿದರೆ ಕೆಲವು ದಿನಗಳಲ್ಲಿ ಊತ ಇಳಿಯುವುದುಂಟು. ವಾಸಿಯಾಯ್ತು ಅಂತ ಸುಮ್ಮನಾಗುತ್ತಾರೆ. ಪದರ ಅಲ್ಲೇ ಇರುತ್ತದೆ, ಹಲ್ಲೂ ಅಲ್ಲೇ ಇರುತ್ತದೆ. ಪರೀಕ್ಷೆ ಹತ್ತಿರ ಬಂದಾಗಲೋ, ನೆಗಡಿ ಆದಾಗಲೋ ಮತ್ತೆ ಊದಿಕೊಳ್ಳುತ್ತದೆ. ಕನ್ನಡದಲ್ಲಿ 'ಕಡಿಮೆಯಾಯ್ತು' ಮತ್ತು 'ವಾಸಿಯಾಯ್ತು' ಎರಡೂ ಇವೆ. ಮಾತಾಡುವಾಗ ಅವನ್ನು ಕಲಸಿಬಿಡುತ್ತೇವೆ, ಅಲ್ವಾ? ಕರಪತ್ರದಲ್ಲಿ ಇವೆರಡನ್ನು ಬೇರೆ ಮಾಡಿ ತೋರಿಸಲೇಬೇಕು.

ಯಾಕೆಂದರೆ ಎಷ್ಟು ಸಲ ಬಂತು ಅನ್ನುವುದರ ಮೇಲೆ ಚಿಕಿತ್ಸೆ ನಿಂತಿದೆ. ಯಾವ ಚಿಕಿತ್ಸೆ ಯಾವಾಗ ಕೊಡಬೇಕು ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2000ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೊದಲ ಸಲದ ಬಾವು, ತೀರಾ ಜೋರಾಗಿಲ್ಲದಿದ್ದರೆ, ಹಲ್ಲು ಕೀಳಲು ಕಾರಣವಲ್ಲ. ಎರಡನೇ ಸಲ ಅಥವಾ ಆಮೇಲೆ ಬಂದರೆ ಕೀಳುವುದನ್ನು ಯೋಚಿಸಬಹುದು. ಡಾಕ್ಟರು ಕೇಳಿದಾಗ 'ಆಗಾಗ ಬರುತ್ತೆ' ಅಂದರೆ ಅದು ಎರಡು ಸಲವೋ ಹತ್ತು ಸಲವೋ? 'ಮರುಕಳಿಸುವುದು' ಒಳ್ಳೆಯ ಪದವೇ. ಆದರೆ ಅದನ್ನು ಎಣಿಸಲು ಬರುವುದಿಲ್ಲ. ಹಾಗಾಗಿ 'ಇದು ಎಷ್ಟನೇ ಸಲದ ಬಾವು? ತಿಂಗಳು ಬರೆದಿಟ್ಟುಕೊಳ್ಳಿ' ಎಂದು ನೇರವಾಗಿ ಹಾಕಿದ್ದೇನೆ.

ಕೊನೆಯದು, ಬಾಯಿ ಪೂರ್ತಿ ತೆಗೆಯಲಾಗದ ಸ್ಥಿತಿ. ಗೆಳತಿಯ ಬಳಿ ಬರುವವರು 'ದವಡೆ ಹಿಡ್ಕೊಂಡಿದೆ' ಅನ್ನುತ್ತಾರಂತೆ. ಅದನ್ನೇ ಇಟ್ಟುಕೊಳ್ಳಬೇಕು ಅನಿಸುತ್ತಿದೆ. ಆದರೆ ಧನುರ್ವಾಯುವಿನಲ್ಲೂ ದವಡೆ ಬಿಗಿಯುತ್ತದೆ. ಓದಿದವರು ಬೇರೇನೋ ಅಂದುಕೊಂಡು ಗಾಬರಿಯಾಗಬಾರದು. ಹಾಗಂತ ಹಗುರವಾಗಿಯೂ ತೆಗೆದುಕೊಳ್ಳಬಾರದು. ಜ್ವರ, ಕೆನ್ನೆ ಅಥವಾ ಗಂಟಲ ಕಡೆ ಹರಡುವ ಊತ, ನುಂಗಲು ಕಷ್ಟ, ಬಾಯಿ ತೆಗೆಯಲಾಗದಿರುವುದು, ಇವು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ ಕ್ಷಣವೂ ಕಾಯದೆ ದೊಡ್ಡಾಸ್ಪತ್ರೆಗೆ. ಈ ಸಾಲುಗಳನ್ನು ಅಜ್ಜಿ ಓದಿದರೂ ಅರ್ಥವಾಗಬೇಕು.

ಈಗ ನಿಮ್ಮನ್ನು ಕೇಳುವುದು ಇಷ್ಟು. ಹಲ್ಲಿನ ಮೇಲೆ ಉಳಿಯುವ ಒಸಡಿನ ಪದರಕ್ಕೆ ನಿಮ್ಮ ಮನೆಯಲ್ಲಿ, ಊರಿನಲ್ಲಿ ಹೆಸರಿದೆಯೇ? ಮಗುವಿಗೆ ಹಲ್ಲು ಮೂಡುವಾಗ ಒಸಡು ಊದುವುದಕ್ಕೆ ಹಿರಿಯರು ಬಳಸುವ ಮಾತಿದ್ದರೆ ಅದನ್ನೂ ತಿಳಿಸಿ, ಇಲ್ಲಿಗೆ ಹೊಂದಬಹುದು. ಬೆಳಗಾವಿ, ಬೀದರ್ ಕಡೆಯವರು ಈ ಹಲ್ಲಿಗೆ ಅಕ್ಕಲ್ ಅನ್ನುವ ಮಾತು ಸೇರಿಸಿ ಹೇಳುತ್ತೀರಾ? ಕುಂದಾಪುರ, ಕೊಡಗಿನವರ ಮಾತೂ ಬೇಕು. ದಯವಿಟ್ಟು ಊರಿನ ಹೆಸರು ಹಾಕಿ, ಜನ ಆಡುವ ಪೂರ್ತಿ ವಾಕ್ಯವನ್ನೇ ಬರೆಯಿರಿ. ಹೊಸದಾಗಿ ಕಟ್ಟಿದ ಪದವಾದರೆ ಅದನ್ನೂ ಹೇಳಿಬಿಡಿ. 'ಸೆರಗು' ಬೇಡ ಅನ್ನುವವರು ಯಾಕೆ ಬೇಡ ಎಂದು ಬಿಡಿಸಿ ಬರೆದರೆ ಅಚ್ಚಿಗೆ ಕೊಡುವ ಮುಂಚೆ ಬದಲಾಯಿಸುತ್ತೇನೆ.