ಡಚ್ಚಲ್ಲಿ ಜೋಡಿಗೆ ಎಂತ ಹೇಳುದು? ಪಾರ್, ಸ್ಟೆಲ್, ಕೊಪ್ಪೆಲ್ ಎಲ್ಲ ಕಲಸಿಹೋಗಿದೆ

ಬದಿಯಡ್ಕದವ:
ಅಕ್ಕ ಭಾವ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಇರುದು, ನನಗೂ ಅಲ್ಲಿಗೆ ಓದ್ಲಿಕ್ಕೆ ಹೋಗ್ಲಿಕ್ಕುಂಟು ಹಾಗೆ ಈಗಲೇ ಮೊಬೈಲಲ್ಲಿ ಡಚ್ ಶುರು ಮಾಡಿದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಆಫೀಸುಗಳಲ್ಲಿ ಮಲಯಾಳ, ಇನ್ನೊಂದು ಭಾಷೆ ಎಂತ ಮಹಾ ಅಂತಿದ್ದೆ, ಜೋಡಿ ಅನ್ನುವಲ್ಲೇ ಸಿಕ್ಕಿಬಿದ್ದೆ. 'ಎನ್ ಪಾರ್ ಸ್ಖೂನನ್' ಅಂದ್ರೆ ಒಂದು ಜೊತೆ ಶೂಸ್, ಸರಿ. 'ಎನ್ ಪಾರ್ ಡಾಖನ್' ಅಂದ್ರೆ ಎರಡು ದಿನವಾ? ಗಂಡಹೆಂಡತಿಗೂ ಪಾರ್ ಉಂಟು, ಸ್ಟೆಲ್ ಉಂಟು, ಕೊಪ್ಪೆಲ್ ಉಂಟು. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಕುಂಬಳೆ ಅಕ್ಕ:
ತಮ್ಮಾ, ಅದು ನಮ್ಮ 'ಒಂದೆರಡು ದಿನ' ಇದ್ದ ಹಾಗೆ, ಮೂರೂ ಆದೀತು ಐದೂ ಆದೀತು. ಮನೆ ಓನರ್ 'ಎನ್ ಪಾರ್ ಡಾಖನ್' ಒಳಗೆ ನಳ್ಳಿ ಸರಿ ಮಾಡ್ತೇನೆ ಅಂದ್ರೆ ಮೂರನೇ ದಿನ ಜಗಳಕ್ಕೆ ಹೋಗ್ಬೇಡ 😄 ಶೂಸ್, ಸಾಕ್ಸ್, ಗ್ಲೌಸ್ ಹೀಗೆ ಜೊತೆಯಾಗಿಯೇ ಇರುವ ವಸ್ತು ಆದ್ರೆ ಒಂದು ಜೊತೆ ಅಂತ ತಿಳ್ಕೊ. ಜರ್ಮನ್‌ನಲ್ಲಾದ್ರೆ ಜೋಡಿಯ ಪಾರ್‌ಗೆ ಕ್ಯಾಪಿಟಲ್ ಅಕ್ಷರ, 'ಕೆಲವು' ಅನ್ನುವ ಪಾರ್‌ಗೆ ಸ್ಮಾಲ್, ಓದುವಾಗಲೇ ಗೊತ್ತಾಗ್ತದೆ, ಡಚ್ಚಲ್ಲಿ ಆ ಉಪಕಾರವೂ ಇಲ್ಲ. ಮತ್ತೆ ಎರಡು ಜೊತೆಗೆ 'ಟ್ವೇ ಪಾರ್ ಸ್ಖೂನನ್', ಪಾರ್‌ಗೆ ಬಹುವಚನ ಬೇಡ, ನಾವೂ ಎರಡು ಜೊತೆಗಳು ಚಪ್ಪಲಿ ಅಂತ ಹೇಳುದಿಲ್ಲವಲ್ಲ.

ಜನರ ವಿಷಯಕ್ಕೆ ಬಂದ್ರೆ, ಮದುವೆ ಆದವರು 'ಎಖ್ಟ್‌ಪಾರ್', ಮದುವೆ ದಿನದ ಮದುಮಕ್ಕಳು 'ಬ್ರೌಟ್ಸ್‌ಪಾರ್', ಮದುವೆ ಆಗಿರ್ಲಿ ಬಿಡ್ಲಿ ಜೋಡಿಯಾಗಿ ಇರುವವರು 'ಸ್ಟೆಲ್'. ಅದೇ ಸ್ಟೆಲ್ಲಿಗೆ ಬಾಲ ಸೇರಿಸಿ 'ಸ್ಟೆಲ್ಲೆಚ್ಯೆ ಇಡಿಯೋಟನ್' ಅಂದ್ರೆ ಮೂರ್ಖರ ಗುಂಪು ಅಂತ ಬೈಗುಳ, ನೋಡಿ ಮಾತಾಡು.

ಹೊಸಂಗಡಿ ಭಟ್ರು:
ಅಕ್ಕ ಹೇಳಿದ್ದು ನೆದರ್ಲೆಂಡ್ಸಿನ ಲೆಕ್ಕ. ನಾನಿದ್ದದ್ದು ಬೆಲ್ಜಿಯಂನ ಆಂಟ್‌ವರ್ಪಲ್ಲಿ, ಅಲ್ಲಿ ಸ್ಟೆಲ್‌ಗಿಂತ ಕೊಪ್ಪೆಲ್ ಅನ್ನುದೇ ಜಾಸ್ತಿ. ಇನ್ನೊಂದುಂಟು, ನೊಗ ಕಟ್ಟಿದ ಜೋಡೆತ್ತಿಗೆ, ಗಾಡಿಯ ಜೋಡಿ ಕುದುರೆಗೆ 'ಸ್ಪಾನ್' ಅಂತಾರೆ. ಪೈವಳಿಕೆ ಕಂಬಳದ ವಿಡಿಯೋ ತೋರಿಸುವುದಾದ್ರೆ ಕೋಣಗಳಿಗೆ ಅದನ್ನೇ ಹೇಳಿ, ಎಖ್ಟ್‌ಪಾರ್ ಅಂದ್ರೆ ಕೋಣಕ್ಕೆ ಮದುವೆ ಮಾಡಿಸಿದ ಹಾಗಾಗ್ತದೆ.

ಬದಿಯಡ್ಕದವ:
😂 ಥ್ಯಾಂಕ್ಸ್ ಅಕ್ಕ, ಭಟ್ರೆ. ಅಲ್ಲಿರುವ ನನ್ನ ಅಕ್ಕನಿಗೆ ಅವಳಿ ಮಕ್ಕಳು, ಅವಕ್ಕೆ ಎಂತ ಹೇಳುದು? ಕತ್ತರಿ, ಪ್ಯಾಂಟಿಗೂ ಇಂಗ್ಲಿಷಿನ ಹಾಗೆ ಪೇರ್ ಬೇಕಾ?

ಕುಂಬಳೆ ಅಕ್ಕ:
ಬೇಡ, ಕತ್ತರಿ 'ಸ್ಖಾರ್', ಪ್ಯಾಂಟ್ 'ಬ್ರೂಕ್', ಎರಡೂ ಬರೀ ಏಕವಚನ. ಅವಳಿ ಮಕ್ಕಳಿಗೆ 'ಟ್ವೇಲಿಂಗ್', ಆ ಒಂದು ಶಬ್ದದಲ್ಲೇ ಮಕ್ಕಳಿಬ್ಬರೂ ಬಂದ್ರು. 'ಟ್ವೇ ಟ್ವೇಲಿಂಗನ್' ಅಂತೇನಾದ್ರೂ ಹೇಳಿದ್ರೆ ಅಕ್ಕನಿಗೆ ನಾಲ್ಕು ಮಕ್ಕಳಾಗ್ತವೆ.