ಒಂದೇ ಕೀಬೋರ್ಡ್, ಒಂದೇ ಟ್ರ್ಯಾಕ್‌ಪ್ಯಾಡ್: ಐಪ್ಯಾಡ್‌ಗೆ ಕರ್ಸರ್ ಹೋಗ್ತಿಲ್ಲ, ವಿಂಡೋಸ್‌ನಲ್ಲಿ ಕನ್ನಡ ಬರ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಅನುವಾದ ಮತ್ತು ಪುಟವಿನ್ಯಾಸದ ಕೆಲಸ ಮಾಡುತ್ತೇನೆ. ಮೇಜಿನ ನಡುವೆ ಮ್ಯಾಕ್‌ಬುಕ್ ಏರ್, ಎಡಕ್ಕೆ ಸಿಮ್ ಇರುವ ಐಪ್ಯಾಡ್, ಬಲಕ್ಕೆ ವಿಂಡೋಸ್ 11 ಪಿಸಿ. ಪ್ರೂಫ್ ಓದೋಕೆ ಒಂದು ಆಂಡ್ರಾಯ್ಡ್ ಟ್ಯಾಬ್ ಕೂಡ ಇದೆ. ಮ್ಯಾಜಿಕ್ ಕೀಬೋರ್ಡ್, ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ ಎರಡೂ ಬ್ಲೂಟೂತ್‌ನಲ್ಲಿ ಮ್ಯಾಕ್‌ಗೆ ಜೋಡಣೆಯಾಗಿವೆ. ಈ ಒಂದು ಜೋಡಿಯಿಂದಲೇ ನಾಲ್ಕನ್ನೂ ನಡೆಸಬೇಕು ಅನ್ನೋದು ನನ್ನ ಆಸೆ.

ಈಗ ತೊಂದರೆ ಮೂರು. ಮ್ಯಾಕ್‌ನ ಕೀಬೋರ್ಡ್, ಟ್ರ್ಯಾಕ್‌ಪ್ಯಾಡ್‌ನಿಂದಲೇ ಐಪ್ಯಾಡ್ ನಡೆಸುವ ಆ್ಯಪಲ್ ಸೌಲಭ್ಯ, ಯೂನಿವರ್ಸಲ್ ಕಂಟ್ರೋಲ್, ಚೆನ್ನಾಗಿ ನಡೀತಿತ್ತು. ಮೊನ್ನೆಯಿಂದ ಕರ್ಸರ್ ಮ್ಯಾಕ್‌ನ ಎಡ ಅಂಚಿಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಐಪ್ಯಾಡ್‌ಗೆ ದಾಟುವುದಿಲ್ಲ. ಪಿಸಿಗೆ ಡೆಸ್ಕ್‌ಫ್ಲೋ ಹಾಕಿದ್ದೇನೆ, ಒಂದು ಕಂಪ್ಯೂಟರ್‌ನ ಕೀಬೋರ್ಡ್, ಮೌಸ್ ಅನ್ನು ನೆಟ್‌ವರ್ಕ್ ಮೂಲಕ ಇನ್ನೊಂದಕ್ಕೂ ಕೊಡುವ ಸಾಫ್ಟ್‌ವೇರ್. ಕೀಬೋರ್ಡ್ ಇರುವ ಮ್ಯಾಕ್ ಸರ್ವರ್, ಅದರ ಮಾತು ಕೇಳುವ ಪಿಸಿ ಕ್ಲೈಂಟ್. ಕರ್ಸರ್ ಆರಾಮಾಗಿ ಹೋಗುತ್ತದೆ, ಸ್ಕ್ರೋಲ್ ಕೂಡ ಆಗುತ್ತದೆ. ಆದರೆ ಒಮ್ಮೊಮ್ಮೆ ಯಾವ ಕೀಲಿ ಒತ್ತಿದರೂ ಏನೂ ಮೂಡುವುದಿಲ್ಲ. ಮೂಡಿದಾಗಲೂ ಇಂಗ್ಲಿಷ್ ಸರಿ, ಕನ್ನಡ ಇಲ್ಲವೇ ಇಲ್ಲ. ಇನ್ನು ಟ್ಯಾಬ್‌ಗೆ ಏನು ಮಾಡಬೇಕೋ ಗೊತ್ತಿಲ್ಲ. ಎಲ್ಲಕ್ಕೂ ಆಗುವ ಒಂದೇ ಸಾಫ್ಟ್‌ವೇರ್ ಇದ್ದರೆ ಹೇಳಿ, ದುಡ್ಡು ಕೊಟ್ಟಾದರೂ ತಗೋತೀನಿ.

ಉತ್ತರ

ಮೇಡಂ, ದುಡ್ಡು ಖರ್ಚು ಮಾಡಬೇಡಿ. ನಿಮ್ಮ ನಾಲ್ಕಕ್ಕೂ ಆಗುವ ಒಂದೇ ಸಾಫ್ಟ್‌ವೇರ್ ಇಲ್ಲ. ಪ್ರತಿ ಯಂತ್ರಕ್ಕೂ ಅದರದೇ ದಾರಿ ಇದೆ, ಕೀಬೋರ್ಡ್ ಮಾತ್ರ ಒಂದೇ ಇರುತ್ತದೆ. ನೀವು ಹೇಳಿದ ತೊಂದರೆಗಳಿಗೂ ಕಾರಣ ಬೇರೆ ಬೇರೆ. ಮೊದಲು ಈ ಪ್ರಶ್ನೆಗಳಿಗೆ ಉತ್ತರ ಕೊಡಿ.

ಐಪ್ಯಾಡ್‌ನಿಂದ ಹಾಟ್‌ಸ್ಪಾಟ್ ಹಾಕಿದ್ದೀರಾ? ಅಥವಾ ಮ್ಯಾಕ್‌ನಲ್ಲಿ ಇಂಟರ್‌ನೆಟ್ ಶೇರಿಂಗ್ ಆನ್ ಇದೆಯಾ? ಪಿಸಿಯಲ್ಲಿ ಕೀಲಿ ಕೆಲಸ ಮಾಡದ ಹೊತ್ತಿನಲ್ಲಿ ಮ್ಯಾಕ್ ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಕಿಟಕಿ ಏನಾದರೂ ತೆರೆದಿತ್ತಾ? ಟರ್ಮಿನಲ್ ಬಳಸ್ತೀರಾ? ಕನ್ನಡ ಟೈಪ್ ಮಾಡುವಾಗ ಭಾಷೆ ಬದಲಿಸಿದ್ದು ಮ್ಯಾಕ್‌ನಲ್ಲೋ ಪಿಸಿಯಲ್ಲೋ?

ಪ್ರಶ್ನೆ ಕೇಳಿದವರು

ಹಾಟ್‌ಸ್ಪಾಟ್ ಹೌದು. ಮೊನ್ನೆ ಮಳೆಗೆ ಬ್ರಾಡ್‌ಬ್ಯಾಂಡ್ ಕೇಬಲ್ ಹೋಗಿದೆ, ಅವತ್ತಿನಿಂದ ಐಪ್ಯಾಡ್ ಸಿಮ್‌ನಿಂದಲೇ ಮ್ಯಾಕ್‌ಗೂ ಪಿಸಿಗೂ ನೆಟ್ ಕೊಡ್ತಿದ್ದೇನೆ. ಟರ್ಮಿನಲ್ ಸದಾ ತೆರೆದೇ ಇರುತ್ತದೆ, ಕಡತಗಳ ಬ್ಯಾಕಪ್‌ಗೆ ಬೇಕು. ಭಾಷೆ ಬದಲಿಸೋದು ಮ್ಯಾಕ್‌ನಲ್ಲಿ. ಕೀಬೋರ್ಡ್ ಮ್ಯಾಕ್‌ನದೇ ಅಲ್ವಾ?

ಉತ್ತರ

ನೀವು ಬರೆದದ್ದರಲ್ಲೇ ಮೂರಕ್ಕೂ ಕಾರಣ ಸಿಕ್ಕಿತು.

ಐಪ್ಯಾಡ್ ವಿಷಯ ಸುಲಭ. ಯೂನಿವರ್ಸಲ್ ಕಂಟ್ರೋಲ್ 2022ರ ಮಾರ್ಚ್‌ನಲ್ಲಿ ಮ್ಯಾಕ್‌ಓಎಸ್ 12.3, ಐಪ್ಯಾಡ್‌ಓಎಸ್ 15.4ರ ಜೊತೆ ಬಂತು. ಆಗಿನಿಂದಲೂ ಅದಕ್ಕೊಂದು ಷರತ್ತಿದೆ: ಐಪ್ಯಾಡ್ ತನ್ನ ಮೊಬೈಲ್ ಡೇಟಾವನ್ನು ಹಂಚುತ್ತಿರಬಾರದು, ಮ್ಯಾಕ್ ತನ್ನ ಇಂಟರ್‌ನೆಟ್ ಹಂಚುತ್ತಿರಬಾರದು. ಹಾಟ್‌ಸ್ಪಾಟ್ ಹಾಕಿದ ತಕ್ಷಣ ಕರ್ಸರ್ ದಾಟುವುದು ನಿಂತದ್ದು ಅದಕ್ಕೇ. ಬ್ರಾಡ್‌ಬ್ಯಾಂಡ್ ಬರುವವರೆಗೆ ಫೋನಿನಿಂದ ಹಾಟ್‌ಸ್ಪಾಟ್ ಕೊಡಿ, ಐಪ್ಯಾಡ್‌ನದು ಆಫ್ ಮಾಡಿ. ಉಳಿದ ಷರತ್ತುಗಳು ನಿಮ್ಮಲ್ಲಿ ಸರಿಯಾಗೇ ಇರಬೇಕು, ಮೊದಲು ನಡೀತಿತ್ತಲ್ಲ. ಇದೇ ತೊಂದರೆ ಇರುವ ಬೇರೆಯವರು ನೋಡಲಿ ಅಂತ ಬರೆಯುತ್ತೇನೆ. ಎರಡರಲ್ಲೂ ಒಂದೇ ಆ್ಯಪಲ್ ಖಾತೆ, ಎರಡು ಹಂತದ ದೃಢೀಕರಣ, ವೈಫೈ, ಬ್ಲೂಟೂತ್, ಹ್ಯಾಂಡ್‌ಆಫ್ (ಒಂದು ಆ್ಯಪಲ್ ಯಂತ್ರದ ಕೆಲಸವನ್ನು ಇನ್ನೊಂದರಲ್ಲಿ ಮುಂದುವರಿಸುವ ಸೌಲಭ್ಯ) ಆನ್, ನಡುವಿನ ದೂರ 10 ಮೀಟರ್ ಒಳಗೆ. ಐಪ್ಯಾಡ್ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಏರ್‌ಪ್ಲೇ ಇರುವ ಪುಟದಲ್ಲೇ ಕರ್ಸರ್ ಆ್ಯಂಡ್ ಕೀಬೋರ್ಡ್ ಎಂಬ ಗುಂಡಿ ಇದೆ, ಅದೂ ಆನ್ ಇರಬೇಕು. ಮ್ಯಾಕ್‌ನಲ್ಲಿ ಡಿಸ್‌ಪ್ಲೇಸ್‌ಗೆ ಹೋಗಿ ಅಡ್ವಾನ್ಸ್ಡ್ ಒತ್ತಿದರೆ ಇದರ ಆಯ್ಕೆಗಳು ಸಿಗುತ್ತವೆ. ಐಫೋನ್‌ಗೆ ಈ ಸೌಲಭ್ಯ ಇಲ್ಲ.

ಇನ್ನು ಕೀಲಿ ಸತ್ತುಹೋಗುವ ವಿಷಯ. ಕರ್ಸರ್ ಹೋಗುತ್ತದೆ, ಕೀಲಿ ಹೋಗುವುದಿಲ್ಲ ಅಂದರೆ ನೆಟ್‌ವರ್ಕ್ ಸರಿಯಾಗಿದೆ ಅಂತಲೇ ಅರ್ಥ. ಫೈರ್‌ವಾಲ್ ಕೆದಕಬೇಡಿ. ಮ್ಯಾಕ್‌ನಲ್ಲಿ ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ನಾವಿದ್ದಾಗ ಬೇರೆ ಯಾವ ಪ್ರೋಗ್ರಾಮ್‌ಗೂ ಕೀಲಿಗಳು ಕಾಣದಂತೆ ಮ್ಯಾಕ್‌ಓಎಸ್ ತಡೆಯುತ್ತದೆ. ಅದು ನಮ್ಮ ಪಾಸ್‌ವರ್ಡ್ ಯಾರೂ ಕದಿಯದಿರಲಿ ಅಂತ ಇರುವ ಏರ್ಪಾಡು, ಇರಲೇಬೇಕು. ಆದರೆ ಡೆಸ್ಕ್‌ಫ್ಲೋ ಕೂಡ ಬೇರೆ ಪ್ರೋಗ್ರಾಮೇ ಅಲ್ವಾ? ಅದಕ್ಕೂ ಕೀಲಿ ಕಾಣುವುದಿಲ್ಲ. ಮೌಸ್‌ಗೆ ಈ ತಡೆ ಇಲ್ಲದ್ದರಿಂದ ಕರ್ಸರ್ ಮಾತ್ರ ದಾಟುತ್ತದೆ. ಹಿಂದೆ ಎಲ್ಲೋ ಪಾಸ್‌ವರ್ಡ್ ಕಿಟಕಿ ತೆರೆದು ಬಿಟ್ಟಿದ್ದರೆ ಈ ತಡೆ ಹಾಗೇ ಉಳಿಯಬಹುದು.

ನಿಮ್ಮಲ್ಲಿ ಟರ್ಮಿನಲ್ ಇದೆ ಅಂದಿರಿ. ಅದನ್ನು ಮುಂದಕ್ಕೆ ತಂದು, ಮೇಲಿನ ಪಟ್ಟಿಯಲ್ಲಿ ಟರ್ಮಿನಲ್ ಎಂಬ ಹೆಸರಿನ ಮೇಲೆ ಒತ್ತಿ. ಸೆಕ್ಯೂರ್ ಕೀಬೋರ್ಡ್ ಎಂಟ್ರಿ ಅಂತ ಒಂದು ಸಾಲು ಕಾಣುತ್ತದೆ. ಅದರ ಮುಂದೆ ಟಿಕ್ ಗುರುತು ಇದ್ದರೆ ತೆಗೆಯಿರಿ.

ಈಗ ಕನ್ನಡ. ನನಗೆ ಇದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಬರುವ ಸಲಹೆಗಳಲ್ಲಿ ಈ ಮಾತೇ ಸಿಗುವುದು ಕಷ್ಟ. ನಿಜವಾದ ಕೀಬೋರ್ಡ್‌ಗೆ ಭಾಷೆ ಅನ್ನೋದೇ ಇಲ್ಲ. ನೀವು ಕೆ ಕೀಲಿ ಒತ್ತಿದರೆ, ಇಂಥ ಜಾಗದ ಕೀಲಿ ಒತ್ತಿದರು ಅಂತ ಒಂದು ಸಂಖ್ಯೆಯನ್ನಷ್ಟೇ ಅದು ಕಳಿಸುತ್ತದೆ. ಅದನ್ನು ಇಂಗ್ಲಿಷ್ ಕೆ ಮಾಡಬೇಕಾ, ಕನ್ನಡದ ಕ ಮಾಡಬೇಕಾ ಅನ್ನೋದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಕೇಬಲ್‌ನಲ್ಲಿ ಜೋಡಿಸಿದರೂ ಬ್ಲೂಟೂತ್‌ನಲ್ಲಿ ಜೋಡಿಸಿದರೂ ಹೀಗೇ.

ಡೆಸ್ಕ್‌ಫ್ಲೋ, ಇನ್‌ಪುಟ್ ಲೀಪ್, ಹಳೆಯ ಬ್ಯಾರಿಯರ್, ಇವೆಲ್ಲ ಸಿನರ್ಜಿ ಎಂಬ ಇದೇ ಥರದ ಸಾಫ್ಟ್‌ವೇರ್‌ನ ಬಳಗವೇ. ಇವು ಬೇರೆ ಥರ. ಸರ್ವರ್ ಮೊದಲು ಅಕ್ಷರ ಯಾವುದು ಅಂತ ತಿಳಿದುಕೊಂಡು ಅಕ್ಷರವನ್ನೇ ಕಳಿಸುತ್ತದೆ. ಕ್ಲೈಂಟ್ ತನ್ನ ಲೇಔಟ್‌ನಲ್ಲಿ, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿಯಲ್ಲಿ, ಆ ಅಕ್ಷರ ಕೊಡುವ ಕೀಲಿ ಎಲ್ಲಿದೆ ಅಂತ ಹುಡುಕುತ್ತದೆ. ನಿಮ್ಮ ಮ್ಯಾಕ್ ಕನ್ನಡದಲ್ಲಿದೆ, ಪಿಸಿ ಇಂಗ್ಲಿಷ್‌ನಲ್ಲಿದೆ. ಮ್ಯಾಕ್ ಕ ಕಳಿಸಿತು. ಪಿಸಿಯ ಇಂಗ್ಲಿಷ್ ಲೇಔಟ್‌ನಲ್ಲಿ ಕ ಕೊಡುವ ಕೀಲಿಯೇ ಇಲ್ಲ. ಹಾಗಾಗಿ ಅದು ಸುಮ್ನೆ ಬಿಟ್ಟುಬಿಡುತ್ತದೆ.

ಪಿಸಿಗೆ ದಾಟುವ ಮೊದಲು ಮ್ಯಾಕ್ ಅನ್ನು ಇಂಗ್ಲಿಷ್‌ಗೆ ತನ್ನಿ. ದಾಟಿದ ಮೇಲೆ ಪಿಸಿಯ ಟಾಸ್ಕ್‌ಬಾರ್‌ನಲ್ಲಿ ಭಾಷೆಯ ಗುರುತಿನ ಮೇಲೆ ಕ್ಲಿಕ್ ಮಾಡಿ ಕನ್ನಡ ಆರಿಸಿ. ಶಾರ್ಟ್‌ಕಟ್‌ಗಿಂತ ಕ್ಲಿಕ್ಕೇ ಒಳ್ಳೆಯದು, ಏಕೆಂದರೆ ಎರಡು ಯಂತ್ರದ ಶಾರ್ಟ್‌ಕಟ್‌ಗಳು ಒಂದಕ್ಕೊಂದು ತಗಲಿಕೊಳ್ಳುತ್ತವೆ. ಪಿಸಿಯಲ್ಲಿ ಕನ್ನಡ ಆರಿಸಿದ ಮೇಲೂ ಕೆಲವು ಅಕ್ಷರ ತಪ್ಪಿದರೆ ಇಲ್ಲಿ ಬರೆಯಿರಿ. ಫೊನೆಟಿಕ್ (ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಿಂದ ಕನ್ನಡ ಬರೆಯುವುದು), ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ಲೇಔಟ್) ಎರಡನ್ನೂ ಹಾಕಿ ನೋಡಿ.

ಮತ್ತೊಬ್ಬರು

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದು ಇದರ ಉಲ್ಟಾ. ವಿಂಡೋಸ್ ಪಿಸಿ ಸರ್ವರ್, ಲಿನಕ್ಸ್ ಲ್ಯಾಪ್‌ಟಾಪ್ ಕ್ಲೈಂಟ್. ಪಿಸಿಯಲ್ಲಿ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹಳೆಯ ನುಡಿ ಇದೆ, ಪಂಚಾಯಿತಿ ಕಾಗದಪತ್ರಗಳೆಲ್ಲ ಅದರಲ್ಲೇ. ಕನ್ನಡ ಟೈಪ್ ಮಾಡಿ ಮುಗಿಸಿದ ಮೇಲೆ ಕರ್ಸರ್ ಪಿಸಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿ.

ಉತ್ತರ

ಸರ್, ನೀವು ಕನ್ನಡಕ್ಕೆ ಹೋಗೋಕೆ ಸ್ಕ್ರೋಲ್ ಲಾಕ್ ಒತ್ತುತ್ತಿದ್ದೀರಿ ಅಲ್ವಾ? ಸಿನರ್ಜಿ ಬಳಗದ ಸಾಫ್ಟ್‌ವೇರ್‌ಗಳಲ್ಲಿ ಅದೇ ಕೀಲಿಗೆ ಬೇರೆ ಕೆಲಸ ಇದೆ. ಸ್ಕ್ರೋಲ್ ಲಾಕ್ ಆನ್ ಇದ್ದರೆ ಕರ್ಸರ್ ಆ ಪರದೆ ಬಿಟ್ಟು ಹೋಗಬಾರದು ಅಂತ. ಆಟ ಆಡುವವರಿಗೆ ಉಪಯೋಗ, ನುಡಿ ಬಳಸುವವರಿಗೆ ತಲೆನೋವು. ರೀಸ್ಟಾರ್ಟ್ ಬೇಡ, ಸ್ಕ್ರೋಲ್ ಲಾಕ್ ದೀಪ ಆರಿಸಿ ನೋಡಿ, ಕರ್ಸರ್ ಬಿಡುಗಡೆ ಆಗುತ್ತದೆ. ಶಾಶ್ವತವಾಗಿ ಬೇಕಿದ್ದರೆ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಪರದೆಗೆ ಲಾಕ್ ಮಾಡುವುದನ್ನು ನಿಲ್ಲಿಸುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ.

ಪ್ರಶ್ನೆ ಕೇಳಿದವರು

ಐಪ್ಯಾಡ್ ಸರಿಹೋಯಿತು! ಹಾಟ್‌ಸ್ಪಾಟ್ ಆಫ್ ಮಾಡಿದ್ದೇ ತಡ, ಕರ್ಸರ್ ದಾಟಿತು. ಟರ್ಮಿನಲ್‌ನಲ್ಲೂ ಆ ಟಿಕ್ ಇತ್ತು, ತೆಗೆದೆ. ಪಿಸಿಯಲ್ಲಿ ಇನ್‌ಸ್ಕ್ರಿಪ್ಟ್ ಆರಿಸಿಕೊಂಡು ಟೈಪ್ ಮಾಡಿದೆ, ಒತ್ತಕ್ಷರ ಸಮೇತ ಬರುತ್ತಿದೆ. ತುಂಬಾ ಥ್ಯಾಂಕ್ಸ್. ಟ್ರ್ಯಾಕ್‌ಪ್ಯಾಡ್‌ನಲ್ಲಿ ಮೂರು ಬೆರಳು ಎಳೆದರೆ ಮಾತ್ರ ಪಿಸಿಯಲ್ಲಿ ಏನೂ ಆಗುವುದಿಲ್ಲ, ಎರಡು ಬೆರಳಿನ ಜೂಮ್ ಕೂಡ ಇಲ್ಲ. ಮತ್ತೆ ಟ್ಯಾಬ್?

ಉತ್ತರ

ಬೆರಳಿನ ಆಟಗಳು ಡೆಸ್ಕ್‌ಫ್ಲೋ ಮೂಲಕ ಹೋಗುವುದಿಲ್ಲ. ಪಿಸಿಗೆ ತಲುಪುವುದು ಮೌಸ್‌ನ ಚಲನೆ, ಕ್ಲಿಕ್, ಸ್ಕ್ರೋಲ್ ಅಷ್ಟೇ. ಜೂಮ್‌ಗೆ ಕಂಟ್ರೋಲ್ ಜೊತೆ ಪ್ಲಸ್ ಒತ್ತಿ. ಇದಕ್ಕಿಂತ ಹೆಚ್ಚು ಕಷ್ಟಪಡುವುದು ಬೇಡ ಅಂತ ನನ್ನ ಅಭಿಪ್ರಾಯ.

ಟ್ಯಾಬ್‌ಗೆ ಎಸ್‌ಸಿಆರ್‌ಸಿಪಿವೈ (scrcpy) ಎಂಬ ಉಚಿತ ಸಾಫ್ಟ್‌ವೇರ್ ಇದೆ. ಟ್ಯಾಬ್‌ನ ಪರದೆಯನ್ನು ಕಂಪ್ಯೂಟರ್‌ನಲ್ಲಿ ತೋರಿಸೋಕೆ ಬಳಸುವವರು ಜಾಸ್ತಿ. ಅದರಲ್ಲಿ 1.22ನೇ ಆವೃತ್ತಿಯಿಂದ ಓಟಿಜಿ ವಿಧಾನ ಇದೆ. ಪರದೆ ತೋರಿಸುವುದಿಲ್ಲ, ನಿಮ್ಮ ಕೀಬೋರ್ಡ್, ಟ್ರ್ಯಾಕ್‌ಪ್ಯಾಡ್ ಟ್ಯಾಬ್‌ಗೇ ಚುಚ್ಚಿದ ಹಾಗೆ ಕೆಲಸ ಮಾಡುತ್ತವೆ. ಯುಎಸ್‌ಬಿ ಕೇಬಲ್ ಬೇಕು, ಆದರೆ ಟ್ಯಾಬ್‌ನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ (ಕಂಪ್ಯೂಟರ್‌ನಿಂದ ಟ್ಯಾಬ್ ನಿಯಂತ್ರಿಸಲು ಬಿಡುವ ಡೆವಲಪರ್ ಆಯ್ಕೆ) ಆನ್ ಮಾಡುವ ಅಗತ್ಯ ಇಲ್ಲ. ಕೇಬಲ್ ಬೇಡ ಅಂದರೆ 2.4ನೇ ಆವೃತ್ತಿಯಲ್ಲಿ ಬಂದ ಯುಹೆಚ್‌ಐಡಿ ವಿಧಾನ ವೈಫೈ ಮೇಲೂ ನಡೆಯುತ್ತದೆ, ಅದಕ್ಕೆ ಡೀಬಗ್ಗಿಂಗ್ ಬೇಕು. ಎರಡರಲ್ಲೂ ಹೋಗುವುದು ಕೀಲಿಯ ಸಂಖ್ಯೆ. ಹಾಗಾಗಿ ಲೇಔಟ್ ಅನ್ನು ಟ್ಯಾಬ್‌ನ ಫಿಸಿಕಲ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೇ ಆರಿಸಬೇಕು.

ಇನ್ನೊಬ್ಬರು

ಆಫೀಸ್ ಲ್ಯಾಪ್‌ಟಾಪ್‌ಗೆ ಏನು ಮಾಡೋದು? ಅದರಲ್ಲಿ ನಾವು ಏನನ್ನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ವಿಪಿಎನ್ ಬೇರೆ ಸದಾ ಆನ್.

ಉತ್ತರ

ಆಫೀಸ್ ಯಂತ್ರದಲ್ಲಿ ಇಂಥ ಸಾಫ್ಟ್‌ವೇರ್ ಹಾಕಲೇಬೇಡಿ ಸರ್. ನಿಮ್ಮ ಪ್ರತಿ ಕೀಲಿಯೂ ಅದರ ಮೂಲಕ ಹೋಗುತ್ತದೆ, ಕಂಪನಿಯವರು ಬೇಡ ಅನ್ನೋದರಲ್ಲಿ ನ್ಯಾಯ ಇದೆ. ವಿಪಿಎನ್ ಆನ್ ಇದ್ದಾಗ ಮನೆಯ ಬೇರೆ ಯಂತ್ರಗಳು ಕಾಣದೇ ಇರುವುದೂ ಸಾಮಾನ್ಯ. ನಿಮಗೆ ಯುಎಸ್‌ಬಿ ಸ್ವಿಚ್ ಸರಿ. ಒಂದು ಗುಂಡಿ ಒತ್ತಿದರೆ ಕೀಬೋರ್ಡ್, ಮೌಸ್ ಎರಡೂ ಅತ್ತಿಂದ ಇತ್ತ ಹೋಗುತ್ತವೆ. ಲ್ಯಾಪ್‌ಟಾಪ್‌ಗೆ ಅದು ಮಾಮೂಲಿ ಕೀಬೋರ್ಡ್. ಕನ್ನಡವೂ ತಾನಾಗೇ ಸರಿ ಇರುತ್ತದೆ. ಇಲ್ಲವಾದರೆ ಮೂರು ಯಂತ್ರ ನೆನಪಿಟ್ಟುಕೊಳ್ಳುವ ಬ್ಲೂಟೂತ್ ಕೀಬೋರ್ಡ್ ತಗೊಳ್ಳಿ. ಮೌಸ್‌ಗೂ ಅದೇ ಸೌಲಭ್ಯ ಇರಬೇಕು, ಮತ್ತು ಎರಡರಲ್ಲೂ ಗುಂಡಿ ಬೇರೆ ಬೇರೆ ಒತ್ತಬೇಕು.

ಸ್ವಿಚ್‌ಗೆ ವೈರ್‌ಲೆಸ್ ಡಾಂಗಲ್ (ವೈರ್‌ಲೆಸ್ ಕೀಬೋರ್ಡ್, ಮೌಸ್ ಜೊತೆ ಬರುವ ಪುಟ್ಟ ಯುಎಸ್‌ಬಿ ತುಂಡು) ಚುಚ್ಚುವುದಾದರೆ ಒಂದು ಎಚ್ಚರಿಕೆ. ಪಕ್ಕದಲ್ಲೇ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದ್ದರೆ ಕರ್ಸರ್ ತಡವರಿಸುತ್ತದೆ. ಯುಎಸ್‌ಬಿ 3ರಿಂದ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಿ ಆಗುತ್ತದೆ ಅಂತ ಇಂಟೆಲ್ 2012ರಲ್ಲೇ ವರದಿ ಕೊಟ್ಟಿತ್ತು. ಡಾಂಗಲ್ ಅನ್ನು ಒಂದು ಎಕ್ಸ್‌ಟೆನ್ಷನ್ ವೈರ್‌ಗೆ ಹಾಕಿ ಕೀಬೋರ್ಡ್ ಹತ್ತಿರ ತನ್ನಿ.

ಪ್ರಶ್ನೆ ಕೇಳಿದವರು

ಓಟಿಜಿ ವಿಧಾನ ನಡೀತು, ಟ್ಯಾಬ್‌ನಲ್ಲಿ ಕರ್ಸರ್ ಬಂತು. ಆದರೆ ಮ್ಯಾಕ್‌ನಲ್ಲಿ ತೆರೆಯುವ ಅದರ ಕಿಟಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಕರ್ಸರ್ ಮ್ಯಾಕ್‌ಗೆ ವಾಪಸ್ ಬರುತ್ತಿಲ್ಲ. ಐಪ್ಯಾಡ್ ಥರ ಅಂಚಿಗೆ ತಳ್ಳಿ ನೋಡಿದೆ, ಆಗಲಿಲ್ಲ.

ಉತ್ತರ

ಇದರಲ್ಲಿ ಅಂಚು ದಾಟುವ ವ್ಯವಸ್ಥೆ ಇಲ್ಲ ಮೇಡಂ. ಎಡಗಡೆಯ ಕಮಾಂಡ್ ಕೀಲಿ ಒಂದನ್ನೇ ಒತ್ತಿ ಬಿಡಿ, ಕರ್ಸರ್ ಮ್ಯಾಕ್‌ಗೆ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಟ್ಯಾಬ್‌ಗೆ ಹೋಗುತ್ತದೆ. ಮ್ಯಾಕ್‌ನಲ್ಲಿ ಕೆಲಸ ಇದ್ದಾಗ ಆ ಕಿಟಕಿಯನ್ನು ಮುಚ್ಚಿಟ್ಟರೆ ಇನ್ನೂ ಒಳ್ಳೆಯದು.