ರಾಕರ್ ಸೋಲ್ ಶೂ ಹಾಕಿದವರು ಯಾರಾದರೂ ಇದ್ದೀರಾ?

ಅಮ್ಮನಿಗೆ ಅರವತ್ತು ದಾಟಿದೆ. ದಿನಾ ಬೆಳಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್. ಈಗ ಬಲಗಾಲಿನ ಹೆಬ್ಬೆರಳಿನ ಬುಡ ಮಡಿಸಿದರೆ ನೋವು. ಕೀಲು ಸವೆದು ಬಿಗಿಯಾಗಿದೆ ಅಂದರು ಡಾಕ್ಟರು. ಅಂಗಡಿಯವರು ಅಡಿ ಬಾಗಿರುವ ರಾಕರ್ ಸೋಲ್ ಶೂ ತಗೊಳ್ಳಿ ಅನ್ನುತ್ತಿದ್ದಾರೆ. ರೇಟು ಜಾಸ್ತಿ. ನಡಿಗೆ ನಿಜವಾಗಿಯೂ ಸಲೀಸಾಗುತ್ತಾ, ಸುಮ್ನೆ ದುಡ್ಡು ದಂಡವಾ?

ಬಸವನಗುಡಿಯಿಂದ:
ನನಗೂ ಅದೇ ಬೆರಳು, ಅದೇ ನೋವು. ಈ ತೊಂದರೆಗೆ ಈ ಶೂ ಸರಿ. ಹಿಮ್ಮಡಿ ಎತ್ತಿ ಮುಂದಿನ ಹೆಜ್ಜೆ ಇಡುವಾಗ ಹೆಬ್ಬೆರಳಿನ ಕೀಲು ಚೆನ್ನಾಗಿ ಮಡಿಯಬೇಕು, ಅದೂ ಮೈಭಾರ ಹೊತ್ತುಕೊಂಡು. ಸೋಲ್ ಬಾಗಿದ್ದರೆ ಶೂ ತಾನೇ ಮುಂದಕ್ಕೆ ಉರುಳುತ್ತದೆ, ಕೀಲಿಗೆ ಅಷ್ಟು ಕೆಲಸ ಇರುವುದಿಲ್ಲ. ಆದರೆ ಬಾಗು ಇದ್ದರೆ ಸಾಲದು, ಸೋಲ್ ಗಟ್ಟಿ ಇರಬೇಕು. ತುದಿ, ಹಿಮ್ಮಡಿ ಎರಡೂ ಹಿಡಿದು ಬಗ್ಗಿಸಿ ನೋಡಿ. ಬೆರಳಿನ ಹತ್ತಿರ ಚಪಾತಿ ಥರ ಮಡಿಚಿಕೊಂಡರೆ ಬೇಡ. ಆಮೇಲೆ ಕೌಂಟರ್ ಮೇಲಿಟ್ಟು ಪಕ್ಕದಿಂದ ನೋಡಿ. ಬಾಗು ಬೆರಳಿನ ಬುಡಕ್ಕಿಂತ ಸ್ವಲ್ಪ ಹಿಂದೆಯೇ ಶುರುವಾಗಬೇಕು. ತುದಿ ಮಾತ್ರ ಮೇಲೆದ್ದಿದ್ದರೆ ಅದು ಬರೀ ಅಂದಕ್ಕೆ. 'ಎಷ್ಟು ಮೆತ್ತಗಿದೆ ನೋಡಿ ಅಮ್ಮಾ' ಅಂತ ಒತ್ತಿ ತೋರಿಸುತ್ತಾರೆ, ಆ ಮಾತಿಗೆ ಮರುಳಾಗಬೇಡಿ.

ಮಲ್ಲೇಶ್ವರದಿಂದ:
ಬ್ಯಾಲೆನ್ಸ್ ಹೇಗಿದೆ ಅಂತ ಮೊದಲು ನೋಡಿಕೊಳ್ಳಿ. ನಮ್ಮತ್ತೆ ಇದನ್ನು ಹಾಕಿಕೊಂಡು ಸ್ಯಾಂಕಿ ಕೆರೆ ಸುತ್ತ ಆರಾಮಾಗಿ ನಡೆಯುತ್ತಾರೆ. ಹೊರಗೆ ಬಂದರೆ ಫುಟ್‌ಪಾತಿನ ಚಪ್ಪಡಿ ಒಂದು ಮೇಲೆ, ಒಂದು ಕೆಳಗೆ. ಅಲ್ಲಿ ನನ್ನ ಕೈ ಬಿಡುವುದಿಲ್ಲ. ತಲೆಸುತ್ತು ಇರುವವರಿಗೆ, ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಡಾಕ್ಟರನ್ನು ಕೇಳದೆ ಕೊಡಿಸಲೇಬೇಡಿ. ಲಾಲ್‌ಬಾಗಿನ ಬಂಡೆ ಹತ್ತುವುದಂತೂ ಬೇಡ.

ವಿಜಯನಗರದಿಂದ:
ನೋವಿಲ್ಲದ ನಾವೂ ತಗೊಳ್ಳೋಣ ಅನ್ನುವವರಿಗೆ ಒಂದು ಮಾತು. ತುದಿ ಮೇಲೆದ್ದ ಸೋಲ್ ಪಾದದ ಸಣ್ಣ ಸ್ನಾಯುಗಳ ಕೆಲಸ ಕಡಿಮೆ ಮಾಡುತ್ತದೆ ಎಂದು 2020ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಕೆಲಸ ಕಡಿಮೆಯಾದರೆ ಸ್ನಾಯು ಸೊರಗಬಹುದು ಅನ್ನುವ ಅನುಮಾನವೂ ಅದರಲ್ಲಿತ್ತು. ಹಾಗಾಗಿ ಸುಮ್ನೆ ಆರಾಮಕ್ಕೆ ಅಂತ ದಿನವಿಡೀ ಹಾಕುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಅಮ್ಮನ ವಿಷಯ ಬೇರೆ. ಹೊಸದು ದುಬಾರಿ ಅನಿಸಿದರೆ, ಕಾಲಿಗೆ ಪಟ್ಟಿ, ವಿಶೇಷ ಚಪ್ಪಲಿ ಮಾಡಿಕೊಡುವವರ ಹತ್ತಿರ ಹಳೆ ಶೂ ಅಡಿಗೇ ರಬ್ಬರ್ ಅಂಟಿಸಿ ಬಾಗು ಮಾಡಿಸಬಹುದು. ನೋವು ಒಂದೇ ಕಾಲಿಗೆ ಇದ್ದರೂ ಎರಡೂ ಶೂ ಕೊಡಿ. ಇಲ್ಲವಾದರೆ ಒಂದು ಕಾಲು ಎತ್ತರವಾಗಿ ಸೊಂಟ ಹಿಡಿದುಕೊಳ್ಳುತ್ತದೆ.